ಶಾಲಾ ತಂತ್ರಜ್ಞಾನ ತರಬೇತಿ: ಯೋಜನೆ ಮತ್ತು ಪಂಚಾಯತಿಯ ಪಾತ್ರ



ತರಬೇತಿ ಪಡೆದ ಒಬ್ಬರೇ ಶಿಕ್ಷಕರು ವರ್ಗಾವಣೆಯಾದರೆ ಶಾಲೆಯ ಕಂಪ್ಯೂಟರ್ ಬೀರುವಿನಲ್ಲೇ ಉಳಿಯುತ್ತದೆ. ಆದುದರಿಂದ ಅವರು ಮೊದಲು ಸಹೋದ್ಯೋಗಿಗಳಿಗೆ, ಬಳಿಕ ಮಕ್ಕಳಿಗೆ ಕಲಿಸುವಂತೆ ಪಾಠಯೋಜನೆ ರೂಪಿಸುವುದು ಅವಶ್ಯ.

ಒಂದು ಅವಧಿಗೆ ಒಂದೇ ಕೌಶಲವಿರಲಿ. ಉದಾಹರಣೆಗೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠವನ್ನು ತೆರೆಯುವುದು. ಶಿಕ್ಷಕರು ಐದು ನಿಮಿಷ ತೋರಿಸಿ, ಉಳಿದ ಸಮಯದಲ್ಲಿ ಪ್ರತಿಯೊಬ್ಬರೂ ಸ್ವತಃ ಮಾಡುವಂತೆ ನೋಡಿಕೊಳ್ಳಬೇಕು. ಅಂತರ್ಜಾಲವಿಲ್ಲದಿದ್ದರೂ ಪಾಠ ನಿಲ್ಲದಂತೆ ಅದನ್ನು ಮುಂಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಬೇಕು. ಭಾರತ್‌ನೆಟ್ ಸಂಪರ್ಕವಿರುವ ಪಂಚಾಯತಿ ಕಚೇರಿಯಲ್ಲಿ ಇದಕ್ಕೆ ಅವಕಾಶ ಕಲ್ಪಿಸಬಹುದು.

1993ರ ಅಧಿನಿಯಮದ ಮೂಲ ರೂಪದಲ್ಲಿ ಶಿಕ್ಷಣವು ಸೌಕರ್ಯ ಸಮಿತಿಯ ವ್ಯಾಪ್ತಿಗೆ ಬರುತ್ತಿತ್ತು. ಪಂಚಾಯತಿಯ ಸಭೆಯಲ್ಲಿ ಕಂಪ್ಯೂಟರ್‌ಗಳ ಸಂಖ್ಯೆಯ ಜೊತೆಗೆ, ಅವುಗಳನ್ನು ಬಳಸಬಲ್ಲ ಶಿಕ್ಷಕರ ಸಂಖ್ಯೆಯನ್ನೂ ವಿಚಾರಿಸಲು ಕೋರಿದೆ.