ಅಪರಾಧಿ ಜಾತಿಗಳ ಅರ್ಥವಾದವೂ ಸೇವಾಸಂಸ್ಥೆಗಳ ಸಾಮರ್ಥ್ಯವೂ

ವಿಧಿವಾಕ್ಯವೊಂದನ್ನು ಜನರು ಆದರದಿಂದ ಅನುಸರಿಸಲೆಂದು ಅದರೊಡನೆ ಸೇರಿಬರುವ ಸ್ತುತಿಯನ್ನೂ ನಿಂದೆಯನ್ನೂ ಕಥೆಯನ್ನೂ ಮೀಮಾಂಸಕರು ಅರ್ಥವಾದವೆಂದು ವ್ಯವಹರಿಸುವರು. ಅರ್ಥವಾದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ. ವಿಧಿಯೊಡನೆ ಏಕವಾಕ್ಯತೆಯನ್ನು ಹೊಂದಿದಾಗಲೇ ಅದಕ್ಕೆ ಪ್ರಯೋಜನ. ಇದು ಶಾಸ್ತ್ರದ ಸ್ಥಿತಿ. ಲೋಕದಲ್ಲಿಯಾದರೋ ಇದಕ್ಕೆ ವಿಪರೀತವು ಕಾಣಬರುವುದು. ವಿಧಿಯು ರದ್ದಾದ ಮೇಲೂ ಅದನ್ನು ಸಮರ್ಥಿಸಲು ಹುಟ್ಟಿದ ಕಥೆಯು ಜನರ ಬಾಯಲ್ಲಿಯೂ ಕಚೇರಿಯ ದಫ್ತರಗಳಲ್ಲಿಯೂ ಬದುಕಿಕೊಂಡು ಬೇರೊಂದು ವಿಧಿಯನ್ನು ಆಶ್ರಯಿಸುವುದುಂಟು. ಬ್ರಿಟಿಷರ ಆಳಿಕೆಯಲ್ಲಿ ‘ಅಪರಾಧಿ ಜಾತಿ’ಗಳೆಂದು ಘೋಷಿತವಾಗಿ 1952ರಲ್ಲಿ ಬಿಡುಗಡೆ ಹೊಂದಿದ ಸಮುದಾಯಗಳ ವೃತ್ತಾಂತವು ಇದಕ್ಕೆ ಸ್ಪಷ್ಟವಾದ ನಿದರ್ಶನ. ಇಂತಹ ಕಥೆಯನ್ನು ಬದಲಾಯಿಸುವ ಶಕ್ತಿಯು ಲಾಭಾಪೇಕ್ಷೆಯಿಲ್ಲದ ಸೇವಾಸಂಸ್ಥೆಗಳಿಗೆ ಎಷ್ಟರಮಟ್ಟಿಗೆ ಉಂಟು, ಆ ಶಕ್ತಿಯನ್ನು ಯಾವ ಲಕ್ಷಣಗಳಿಂದ ಅಳೆಯಬೇಕು ಎಂಬುದು ಪ್ರಕೃತ ವಿಚಾರ.

1871ನೆಯ ಇಸವಿಯ 27ನೆಯ ಆಕ್ಟು ಮೊದಲು ಉತ್ತರ ಹಿಂದೂಸ್ಥಾನಕ್ಕೆ ಅನ್ವಯವಾಗಿ, 1911ರ ಶಾಸನದ ಮೂಲಕ ಮದರಾಸು ಮುಂತಾದ ಪ್ರಾಂತಗಳಿಗೂ ವಿಸ್ತರಿಸಿತು. 1924ರಲ್ಲಿ ಅದಕ್ಕೆ ಕ್ರೋಡೀಕೃತ ರೂಪವು ಬಂದಿತು. ಸರ್ಕಾರದವರು ಒಂದು ಜಾತಿಯನ್ನು ಅಪರಾಧಿಯೆಂದು ಸಾರಿದರೆ ಆ ಜಾತಿಯವರೆಲ್ಲರೂ ಹೆಸರು ನೋಂದಾಯಿಸಿಕೊಂಡು, ಗೊತ್ತಾದ ಹೊತ್ತಿಗೆ ಹಾಜರಿ ಕೊಟ್ಟು, ಊರು ಬಿಟ್ಟು ಹೋಗಬೇಕಾದರೆ ರಹದಾರಿ ಪಡೆಯತಕ್ಕದ್ದು. ಆ ಸಾರಿಕೆಯು ಸರಿಯೋ ತಪ್ಪೋ ಎಂದು ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶವಿರಲಿಲ್ಲ. ವಿಧಿಯು ಇಷ್ಟೆ. ಇದರ ಅರ್ಥವಾದವು ಹೀಗಿದ್ದಿತು: ಈ ದೇಶದಲ್ಲಿ ನೇಕಾರನ ಮಗನು ನೇಕಾರ, ಬಡಗಿಯ ಮಗನು ಬಡಗಿ; ಆದಕಾರಣ ಕಳ್ಳನ ಮಗನೂ ಕಳ್ಳನೇ ಸರಿ, ಕಳವು ಅವನ ಕುಲಕಸುಬು. ವರ್ಣಾಶ್ರಮವನ್ನು ಪುಸ್ತಕಗಳಲ್ಲಿ ಓದಿ ತಿಳಿದ ಅಧಿಕಾರಿಗಳು ಕಟ್ಟಿದ ತರ್ಕವಿದು. ಕಳವನ್ನು ಸ್ವಧರ್ಮವಾಗಿ ವಿಧಿಸುವ ಧರ್ಮಶಾಸ್ತ್ರವು ಯಾವುದೆಂದು ಅವರಲ್ಲಿ ಯಾರೂ ವಿಚಾರಿಸಿದಂತೆ ತೋರುವುದಿಲ್ಲ.

ಅರ್ಥವಾದವನ್ನು ಮೂರು ಬಗೆಯಾಗಿ ವಿಭಾಗಿಸುವ ಸಂಪ್ರದಾಯವಿದೆ. ಬೇರೆ ಪ್ರಮಾಣಕ್ಕೆ ವಿರುದ್ಧವಾದುದು ಗುಣವಾದ. ಬೇರೆ ಪ್ರಮಾಣದಿಂದ ಆಗಲೇ ತಿಳಿದುದನ್ನು ಹೇಳುವುದು ಅನುವಾದ. ವಿರೋಧವೂ ಪೂರ್ವಜ್ಞಾನವೂ ಇಲ್ಲದುದು ಭೂತಾರ್ಥವಾದ. ‘ಜನ್ಮತಃ ಕಳ್ಳರು’ ಎಂಬ ಮಾತು ವಸ್ತುತಃ ಗುಣವಾದ, ಅಂದರೆ ಪ್ರತ್ಯಕ್ಷವಿರುದ್ಧ. ಆದರೆ ಠಾಣೆಯವರೂ ಪತ್ರಿಕೆಯವರೂ ಅದನ್ನು ‘ಎಲ್ಲರಿಗೂ ಗೊತ್ತಿರುವ ಸಂಗತಿ’ಯೆಂದು ಅನುವಾದದ ಸ್ಥಾನದಲ್ಲಿ ಇರಿಸಿಕೊಂಡಿರುವರು. ಗೊತ್ತಿರುವುದಕ್ಕೆ ರುಜುವಾತನ್ನು ಯಾರು ಕೇಳುವರು? ಅನುವಾದವೆಂದು ಚಲಾವಣೆಯಲ್ಲಿರುವುದನ್ನು ಗುಣವಾದವೆಂದು ತೋರಿಸಿಕೊಡುವುದೇ ಇಲ್ಲಿ ಸೇವಾಸಂಸ್ಥೆಯ ಕಾರ್ಯ. ಬಟ್ಟೆ ಹಂಚುವುದು, ಶಾಲೆ ತೆರೆಯುವುದು ಮುಂತಾದುವು ಪುಣ್ಯಕಾರ್ಯಗಳೇ ಆದರೂ ಈ ಕಾರ್ಯಕ್ಕಿಂತ ಭಿನ್ನವಾದುವು.

ಕೊರವ ಅಥವಾ ಎರುಕಲ ಜನರ ಉದಾಹರಣೆಯು ಕನ್ನಡಿಗರಿಗೆ ಸಮೀಪವಾದುದು. ಎತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ವ್ಯಾಪಾರ ನಡೆಸುತ್ತಿದ್ದ ಈ ಜನರ ಜೀವನವು ಸರ್ಕಾರದ ಉಪ್ಪಿನ ನೀತಿಯಿಂದಲೂ ರೈಲುದಾರಿಯಿಂದಲೂ 1870ರ ದಶಕದ ಕ್ಷಾಮದಿಂದಲೂ ಮುರಿದುಬಿದ್ದುದನ್ನು ಮೀನಾ ರಾಧಾಕೃಷ್ಣ ಎಂಬ ವಿದುಷಿಯು 2001ರಲ್ಲಿ ಪ್ರಕಟವಾದ ಗ್ರಂಥದಲ್ಲಿ ದಾಖಲೆಗಳ ಸಹಿತ ನಿರೂಪಿಸಿದ್ದಾರೆ. ಕಸುಬು ಕಳೆದುಕೊಂಡು ಅಲೆಯುವವನನ್ನು ಕಾನೂನು ಅಲೆಮಾರಿ ಕಳ್ಳನೆಂದು ಬರೆದುಕೊಂಡಿತು. ನಮ್ಮ ಸಾಹಿತ್ಯದ ಸಾಕ್ಷ್ಯವಾದರೋ ಬೇರೆ. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಭಗವಂತನು ಕೊರವಂಜಿಯ ವೇಷವನ್ನು ಧರಿಸಿ ಆಕಾಶರಾಜನ ಅಂತಃಪುರಕ್ಕೆ ಕಣಿ ಹೇಳಲು ಹೋಗುವನು. ಅರಮನೆಯ ಬಾಗಿಲು ಆಕೆಗೆ ತೆರೆಯುವುದು, ಆಕೆಯ ಮಾತನ್ನು ರಾಣಿಯು ನಂಬುವಳು. 1942ರಲ್ಲಿ ಬೆಂಗಳೂರಿನಿಂದ ಹೊರಟ ಹಾಸ್ಯ ಮಾಸಪತ್ರಿಕೆಗೆ ರಾ. ಶಿ. ಅವರು ‘ಕೊರವಂಜಿ’ ಎಂಬ ಹೆಸರಿಟ್ಟುದು ಆಕೆಯು ನಿಜ ನುಡಿಯುವವಳೆಂಬ ಭಾವನೆಯಿಂದಲೇ ಇರಬೇಕು. ಆ ವರ್ಷದಲ್ಲಿಯೂ ಅದೇ ಜನರು ಪೋಲೀಸು ದಫ್ತರದಲ್ಲಿ ಅಪರಾಧಿ ಜಾತಿಯಾಗಿದ್ದರು. ಒಂದೇ ಕಾಲದಲ್ಲಿ ಒಂದೇ ಜನರ ವಿಷಯವಾಗಿ ಎರಡು ಕಥೆಗಳಿದ್ದುವು. ಠಾಣೆಗೆ ಬೇಕಾದುದು ಗೆದ್ದಿತು.

ಆ ಗೆಲುವಿನಲ್ಲಿ ಸೇವಾಸಂಸ್ಥೆಯೊಂದರ ಪಾಲೂ ಇದ್ದಿತೆಂಬುದನ್ನು ಮರೆಯಲಾಗದು. ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯು 1908ರಿಂದ ಅಪರಾಧಿ ಜಾತಿಗಳ ವಸಾಹತುಗಳನ್ನು ನಡೆಸಲಾರಂಭಿಸಿತು. ಅಂದಿನ ಗುಂಟೂರು ಜಿಲ್ಲೆಯಲ್ಲಿ 1913ರಲ್ಲಿ ಎರುಕಲರಿಗಾಗಿ ಸ್ಥಾಪಿತವಾದ ಸ್ಟೂವರ್ಟ್‌ಪುರವು ಅವುಗಳಲ್ಲಿ ಪ್ರಸಿದ್ಧವಾದುದು. ಸಂಸ್ಥೆಯ ನಾಯಕರಾದ ಬೂತ್ ಟಕರ್ ಎಂಬುವರು 1916ರಲ್ಲಿ ಒಂದು ಪುಸ್ತಕವನ್ನು ಬರೆದು, ಅಪರಾಧ, ಚಿಕಿತ್ಸೆ, ಶಾಸ್ತ್ರ ಎಂಬ ಮೂರು ಅರ್ಥಗಳ ಪದಗಳನ್ನು ಬೆಸೆದು ‘ಕ್ರಿಮಿನೋಕ್ಯೂರಾಲಜಿ’ ಎಂಬ ಹೆಸರನ್ನು ಅದಕ್ಕಿಟ್ಟರು. ಪದವು ಲ್ಯಾಟಿನ್ ಗ್ರೀಕುಗಳ ಸಂಕರವಾಗಿ ವಿಕಾರವಾಗಿದ್ದರೂ ಅದರ ಅಭಿಪ್ರಾಯವು ನಿಚ್ಚಳವಾಗಿದೆ: ಅಪರಾಧವು ಈ ಜನರ ಮೈಗೆ ಅಂಟಿದ ರೋಗ, ಸಂಸ್ಥೆಯೇ ವೈದ್ಯ. ಸರ್ಕಾರದ ಸಹಾಯಧನವೂ ಸೀಮೆಯ ದಾತೃಗಳ ಕಾಣಿಕೆಯೂ ಬರಬೇಕಾದರೆ ಎರಡು ಮಾತುಗಳು ಒಟ್ಟಿಗೆ ನಿಲ್ಲಬೇಕಾಗಿದ್ದುವು; ಇವರು ಹುಟ್ಟುಕಳ್ಳರು ಎಂಬುದೊಂದು, ಆದರೂ ನಮ್ಮ ಕೈಯಲ್ಲಿ ವಾಸಿಯಾಗುವರು ಎಂಬುದೊಂದು. ಮೊದಲನೆಯದು ಬಿದ್ದರೆ ಎರಡನೆಯದು ನಿರಾಶ್ರಯ. ಆದಕಾರಣ ಸಂಸ್ಥೆಯವರು ಪ್ರಾಮಾಣಿಕವಾದ ಭೂತದಯೆಯಿಂದಲೇ ದುಡಿದಿದ್ದರೂ ಅವರ ಪ್ರತಿಯೊಂದು ವರದಿಯೂ ಪೋಲೀಸರ ಕಥೆಗೆ ಪುಷ್ಟಿಯನ್ನು ಕೊಟ್ಟಿತು. ವಸಾಹತಿನವರು ಚೀರಾಲದ ಹೊಗೆಸೊಪ್ಪಿನ ಕಾರ್ಖಾನೆಗೆ ಅಗ್ಗದ ಕೂಲಿಗಳಾದುದು ಆ ವರದಿಗಳಲ್ಲಿ ಚಿಕಿತ್ಸೆಯ ಅಂಗವೆನಿಸಿತು. ಧನ, ಜನ, ಮುದ್ರಣ, ಅಧಿಕಾರಿಗಳ ಸಲಿಗೆ ಇವುಗಳನ್ನೇ ಸಾಮರ್ಥ್ಯವೆಂದು ಎಣಿಸುವುದಾದರೆ ಆ ಕಾಲದಲ್ಲಿ ಇದಕ್ಕೆ ಸಮನಾದ ಸಂಸ್ಥೆ ಇರಲಿಲ್ಲ. ಕಥೆಯು ತಪ್ಪು ದಿಕ್ಕಿನಲ್ಲಿ ಗಟ್ಟಿಯಾಯಿತಷ್ಟೆ. ಇದರಿಂದ ಒಂದು ಲಕ್ಷಣವು ಸಿದ್ಧಿಸುವುದು: ಯಾವ ಕಥೆಯನ್ನು ಅಳಿಸಬೇಕೋ ಅದೇ ಕಥೆಯಿಂದ ಸಂಸ್ಥೆಯ ಜೀವನವು ಸಾಗುತ್ತಿರಬಾರದು. ಇಂದಿನ ಸಂಸ್ಥೆಗಳನ್ನು ಪರೀಕ್ಷಿಸುವವರು ಅವುಗಳ ಧನಯಾಚನೆಯ ಪತ್ರಗಳನ್ನು ಮೊದಲು ಓದುವುದು ಒಳ್ಳೆಯದು.

ಮುಂಬಯಿ ಪ್ರಾಂತದ ವಸಾಹತುಗಳು ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿಯೂ ಇದ್ದುವು. ‘ಸೆಟ್ಲಮೆಂಟ್’ ಎಂಬುದು ಹುಬ್ಬಳ್ಳಿ ಗದಗುಗಳಲ್ಲಿ ಇಂದಿಗೂ ಬಡಾವಣೆಯ ಹೆಸರು.

ಸ್ವಾತಂತ್ರ್ಯಾನಂತರ ಅನಂತಶಯನಂ ಅಯ್ಯಂಗಾರ್ಯರ ಸಮಿತಿಯ ಸಲಹೆಯಂತೆ 1952ರ ಆಗಸ್ಟ್ 31ರಿಂದ ಮೂಲ ಶಾಸನವು ರದ್ದಾಯಿತು. ಅಪರಾಧಿ ಜಾತಿಗಳು ‘ವಿಮುಕ್ತ ಜಾತಿ’ಗಳಾದುವು. ಆದರೆ ಮದರಾಸಿನಲ್ಲಿ 1948ರಲ್ಲಿಯೇ ‘ರೂಢಿಗತ ಅಪರಾಧಿ’ಗಳನ್ನು ನಿರ್ಬಂಧಿಸುವ ಶಾಸನವು ಹುಟ್ಟಿದ್ದಿತು, ಇತರ ರಾಜ್ಯಗಳೂ ಅದೇ ದಾರಿಯನ್ನು ಹಿಡಿದುವು. ಕಾನೂನಿನ ಅಕ್ಷರದಲ್ಲಿ ಜಾತಿಯು ಹೋಗಿ ವ್ಯಕ್ತಿಯು ಬಂದನು. ರೂಢಿಗತನು ಯಾರೆಂದು ಹುಡುಕುವಾಗ ಕಣ್ಣು ಹೋದುದು ಹಳೆಯ ಪಟ್ಟಿಯ ಕಡೆಗೇ. 2000ದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ 2007ರಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ನಿವಾರಣ ಸಮಿತಿಯೂ ಈ ಶಾಸನಗಳನ್ನು ತೆಗೆದುಹಾಕುವಂತೆ ಸೂಚಿಸಿದುವು.

ಕಥೆಯ ದಿಕ್ಕು ತಿರುಗಲಾರಂಭಿಸಿದುದು 1998ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಬುಧನ್ ಶಬರನೆಂಬ ಖೇಡಿಯಾ ಶಬರ ಯುವಕನು ಬಂಧನದಲ್ಲಿ ಮೃತನಾದನು. ಆತ್ಮಹತ್ಯೆಯೆಂದು ಪೋಲೀಸರು ಹೇಳಿದರು. ಲೇಖಕಿ ಮಹಾಶ್ವೇತಾದೇವಿಯವರು ಬೆನ್ನೆಲುಬಾಗಿದ್ದ ಖೇಡಿಯಾ ಶಬರ ಕಲ್ಯಾಣ ಸಮಿತಿಯವರು ಶವವನ್ನು ದಹಿಸಗೊಡದೆ ಹೂಳಿಸಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮರುಪರೀಕ್ಷೆಗೆ ಅದರಿಂದ ಅವಕಾಶವುಳಿಯಿತು. ಜುಲೈ ತಿಂಗಳಲ್ಲಿ ಕಲ್ಕತ್ತೆಯ ಉಚ್ಚ ನ್ಯಾಯಾಲಯವು ಮೃತನ ಪತ್ನಿಗೆ ಪರಿಹಾರವನ್ನೂ ಕೇಂದ್ರ ತನಿಖಾ ದಳದ ವಿಚಾರಣೆಯನ್ನೂ ವಿಧಿಸಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಸಮಿತಿಯ ಬಳಿ ಧನಬಲವಿರಲಿಲ್ಲ, ಪ್ರಮಾಣವಿದ್ದಿತು. ಶವವು ಬೂದಿಯಾಗಿದ್ದರೆ ಮಹಾಶ್ವೇತಾದೇವಿಯವರ ಲೇಖನಿಯೂ ಕೇವಲ ಶೋಕಗೀತವನ್ನು ಬರೆಯಬೇಕಾಗುತ್ತಿತ್ತು. ಹಳ್ಳಿಯವರಿಗೆ ಆ ಹೊತ್ತಿನಲ್ಲಿ ಹಾಗೆ ಮಾಡಲು ತೋರಿದುದು ಹಲವು ವರ್ಷಗಳ ಸಹವಾಸದ ಫಲವೇ ಹೊರತು ಒಂದು ದಿನದ ಉಪದೇಶದ ಫಲವಲ್ಲ.

ಅದೇ ವರ್ಷ ಮಹಾಶ್ವೇತಾದೇವಿ, ಗಣೇಶ ದೇವಿ, ‘ಉಚಲ್ಯಾ’ ಎಂಬ ಮರಾಠಿ ಆತ್ಮಕಥೆಯ ಕರ್ತೃ ಲಕ್ಷ್ಮಣ ಗಾಯಕವಾಡ ಮುಂತಾದವರು ಕೂಡಿ ವಿಮುಕ್ತ ಮತ್ತು ಅಲೆಮಾರಿ ಜನರ ಹಕ್ಕುಗಳ ಸಂಘವನ್ನು ಸ್ಥಾಪಿಸಿದರು. 2016ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದ ದೇವಿಯವರು ಕನ್ನಡಿಗರಿಗೆ ಪರಿಚಿತರೇ. ಸಂಘದ ಪತ್ರಿಕೆಗೆ ‘ಬುಧನ್’ ಎಂದೇ ಹೆಸರಾಯಿತು. ಅಹಮದಾಬಾದಿನ ಛಾರಾನಗರದಲ್ಲಿ ಪುಸ್ತಕಾಲಯವೊಂದು ಆರಂಭವಾಗಿ, ಅಲ್ಲಿ ಕೂಡಿದ ಛಾರಾ ಯುವಕರು 1998ರ ಆಗಸ್ಟ್ 31ರಂದು ಬುಧನನ ಮರಣವನ್ನೇ ನಾಟಕವಾಗಿ ಆಡಿದರು. ಅವರ ರಂಗತಂಡವೂ ಬುಧನನ ಹೆಸರನ್ನೇ ಪಡೆಯಿತು. ಬಂಗಾಳದ ಶಬರನ ಕಥೆಯನ್ನು ಗುಜರಾತಿನ ಛಾರನು ತನ್ನ ಮೈಮೇಲೆ ತಂದುಕೊಂಡುದು ಸಣ್ಣ ಸಂಗತಿಯಲ್ಲ. ಎರಡು ಜನಗಳಿಗೂ ಭಾಷೆಯಿಂದಾಗಲಿ ಕುಲದಿಂದಾಗಲಿ ಸಂಬಂಧವಿಲ್ಲ. ಒಂದೇ ಶಾಸನದ ಪಟ್ಟಿಯೇ ಅವರನ್ನು ಬಂಧುಗಳನ್ನಾಗಿ ಮಾಡಿದುದು. ಕಳ್ಳನ ಪಾತ್ರವನ್ನು ಶತಮಾನಕಾಲ ಇತರರು ಬರೆದುಕೊಟ್ಟಿದ್ದರು. ಈಗ ಠಾಣೆಯ ಪಾತ್ರವನ್ನು ಛಾರರು ಬರೆದರು. ಸ್ಟೂವರ್ಟ್‌ಪುರದ ವರದಿಗಳಲ್ಲಿ ಎರುಕಲರು ಕರ್ಮಕಾರಕದಲ್ಲಿಯೇ ಉಳಿದಿದ್ದರೆಂಬುದನ್ನು ನೆನೆದರೆ ವ್ಯತ್ಯಾಸವು ವ್ಯಕ್ತವಾದೀತು. ಯಾರ ವಿಷಯವಾಗಿ ಕಥೆಯೋ ಅವರು ಕರ್ತೃಸ್ಥಾನದಲ್ಲಿರುವರೇ ಎಂಬುದನ್ನು ಆದ್ದರಿಂದ ಎರಡನೆಯ ಲಕ್ಷಣವೆನ್ನಬೇಕು.

ಇನ್ನು ಫಲದ ವಿಚಾರ. ಇಷ್ಟು ನಾಟಕ ಆಡಿದೆವು, ಇಷ್ಟು ಪತ್ರಗಳನ್ನು ಹಂಚಿದೆವು ಎಂದು ಸಂಸ್ಥೆಗಳು ಲೆಕ್ಕ ಕೊಡುವುದುಂಟು. ಅವು ಸಾಧನಗಳೇ ಹೊರತು ಫಲವಲ್ಲ. ಹೋಮದ ಸಂಖ್ಯೆಯನ್ನು ಮಳೆಯ ಪ್ರಮಾಣವೆಂದು ತೋರಿಸಿದಂತೆ. ಫಲವನ್ನು ಹುಡುಕಬೇಕಾದುದು ಕಥೆಯು ವಾಸಿಸುವ ಸ್ಥಾನಗಳಲ್ಲಿ: ಪತ್ರಿಕೆಯ ತಲೆಬರಹ, ಠಾಣೆಯ ಬಾಯಿಮಾತು, ಕಾರಾಗೃಹದ ಕೈಪಿಡಿ, ನಿಘಂಟು, ಪಠ್ಯಪುಸ್ತಕ. ಬೆಂಗಳೂರಿನಲ್ಲಿ ಸರಗಳವಾದಾಗ ನಮ್ಮ ಪತ್ರಿಕೆಗಳು ‘ಬವಾರಿಯಾ ಗ್ಯಾಂಗ್’ ಎಂದು ಸಮುದಾಯದ ಹೆಸರಿನಿಂದಲೇ ಕಳ್ಳರನ್ನು ಕರೆದಿವೆ. ಬೇರೆ ಜಾತಿಯವನು ಸರ ಕಿತ್ತರೆ ಅವನ ಜಾತಿಯ ಹೆಸರಿನಲ್ಲಿ ಗ್ಯಾಂಗು ಹುಟ್ಟುವುದಿಲ್ಲ. ಈ ಪ್ರಯೋಗವು ಕಡಿಮೆಯಾಯಿತೇ ಹೆಚ್ಚಾಯಿತೇ ಎಂಬುದನ್ನು ಹಳೆಯ ಸಂಚಿಕೆಗಳನ್ನು ವರ್ಷವರ್ಷವೂ ತೆರೆದು ಎಣಿಸಬಹುದು. ಪದಪ್ರಯೋಗವನ್ನು ಗ್ರಂಥಗಳಲ್ಲಿ ಹುಡುಕುವ ಅಭ್ಯಾಸವುಳ್ಳ ಸಾಹಿತ್ಯದ ಅಧ್ಯಾಪಕರಿಗೆ ಇದು ಹೊಸ ಕೆಲಸವೇನೂ ಅಲ್ಲ.

ಛಾರಾನಗರದ ವಿಷಯದಲ್ಲಿ ಫಲವು ಮಿಶ್ರವಾದುದು. 2018ರ ಜುಲೈ ತಿಂಗಳಲ್ಲಿ ಮದ್ಯದ ತಪಾಸಣೆಗೆ ಸಂಬಂಧಿಸಿ ಉಂಟಾದ ಘರ್ಷಣೆಯ ತರುವಾಯ ಪೋಲೀಸರು ರಾತ್ರಿಯಲ್ಲಿ ಆ ಬಡಾವಣೆಗೆ ನುಗ್ಗಿದರು. ಬಂಧಿತರಾದವರಲ್ಲಿ ವಕೀಲರೂ ಪತ್ರಿಕಾ ಛಾಯಾಗ್ರಾಹಕರೂ ಇದ್ದರು. ಇಪ್ಪತ್ತು ವರ್ಷಗಳ ನಾಟಕವು ಠಾಣೆಯ ಅರ್ಥವಾದವನ್ನು ಅಳಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಆದರೂ ಅದೇ ಜಾತಿಯಲ್ಲಿ ಬಂಧಿಸಲು ವಕೀಲರು ದೊರೆತರೆಂಬುದೂ, ಮರುದಿನಗಳಲ್ಲಿ ಪ್ರತಿಭಟನೆಯು ಬೀದಿಗೆ ಬಂದಿತೆಂಬುದೂ ಹಿಂದೆ ಇಲ್ಲದ ಸಂಗತಿಗಳು. ಕೇಳುವವನ ಮನಸ್ಸು ತಿರುಗುವುದಕ್ಕೆ ಮುಂಚೆ ಹೇಳುವವನ ಸ್ವರವು ಬದಲಾಗುವುದು. ಅಳೆಯುವವರು ಇವೆರಡನ್ನೂ ಬೇರೆಬೇರೆಯಾಗಿ ಅಳೆಯತಕ್ಕದ್ದು.

ಕರ್ತೃತ್ವದ ಆರೋಪದಲ್ಲಿಯೂ ಎಚ್ಚರ ಬೇಕು. 2024ರ ಅಕ್ಟೋಬರ್ 3ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಕಾರಾಗೃಹದ ಕೈಪಿಡಿಗಳಲ್ಲಿ ಜಾತಿಯನ್ನು ಹಿಡಿದು ಕೆಲಸ ಹಂಚುವ ನಿಯಮಗಳನ್ನು ಅಸಿಂಧುಗೊಳಿಸಿತು. ಬಂದಿಗಳ ದಫ್ತರದಲ್ಲಿರುವ ಜಾತಿಯ ಅಂಕಣವನ್ನು ತೆಗೆಯಲು ಆಜ್ಞಾಪಿಸಿತು. ವಿಮುಕ್ತ ಜಾತಿಯವರನ್ನು ಹುಟ್ಟಿನ ಕಾರಣದಿಂದ ರೂಢಿಗತ ಅಪರಾಧಿಗಳೆಂದು ಎಣಿಸುವ ಪದ್ಧತಿಯನ್ನು ಖಂಡಿಸಿತು. ಇದಕ್ಕೆ ನೇರವಾದ ನಿಮಿತ್ತವು ಪತ್ರಕರ್ತೆಯೊಬ್ಬರು ತಾವೇ ನಡೆಸಿದ ಶೋಧನೆಯನ್ನು ಹಿಡಿದು ಸಲ್ಲಿಸಿದ ಅರ್ಜಿ. ಇದನ್ನು ಯಾವುದೇ ಒಂದು ಸಂಘದ ಖಾತೆಗೆ ಜಮೆಮಾಡುವುದು ಕಾಕತಾಳೀಯ ನ್ಯಾಯವಾದೀತು. 1998ರಿಂದ ಬೆಳೆದ ಪರಿಭಾಷೆ, ಸಾಕ್ಷ್ಯ, ಲೇಖನಗಳು ನ್ಯಾಯವಾದಿಗಳ ಕೈಗೆ ಸಿದ್ಧವಾಗಿ ದೊರೆತುವೆಂಬಷ್ಟನ್ನು ಹೇಳಬಹುದು. ಸಹಕಾರಿ ಕಾರಣಕ್ಕೂ ಶಾಸ್ತ್ರದಲ್ಲಿ ಸ್ಥಾನವಿದೆ.

ಕೊನೆಯದಾಗಿ ನಾಮಧೇಯದ ಪ್ರಶ್ನೆ. ಉತ್ತರ ಕರ್ನಾಟಕದ ಒಂದು ಸಮುದಾಯದ ಹೆಸರು ‘ಗಂಟಿಚೋರ’. ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅದು ಇದೇ ರೂಪದಿಂದ ಸೇರಿದೆ. ಶಾಲೆಗೆ ಸೇರುವ ಮಗುವು ಸವಲತ್ತನ್ನು ಪಡೆಯಬೇಕಾದರೆ ತಾನು ಚೋರನೆಂಬ ಪ್ರಮಾಣಪತ್ರವನ್ನು ತಹಶೀಲ್ದಾರರಿಂದ ತರಬೇಕು. ಹೆಸರನ್ನು ಬದಲಾಯಿಸಿದರೆ ಪಟ್ಟಿಯಲ್ಲಿನ ಸ್ಥಾನಕ್ಕೆ ಲೋಪ ಬಂದೀತೆಂಬ ಭಯ, ಬದಲಾಯಿಸದಿದ್ದರೆ ಹಾಜರಿ ಕೂಗುವಾಗಲೆಲ್ಲ ಅದೇ ಅರ್ಥವಾದದ ಪಾರಾಯಣ. ಪಟ್ಟಿಯನ್ನು ತಿದ್ದುವ ಅಧಿಕಾರವು ಸಂವಿಧಾನದ 341ನೆಯ ವಿಧಿಯ ಪ್ರಕಾರ ಸಂಸತ್ತಿಗೆ ಮಾತ್ರ ಸೇರಿದೆ.