ಕಡತ ರವಾನೆಯ ತಂತ್ರಾಂಶಕ್ಕೂ ದಾರಿ ಬಿಡುವ ಸೌಜನ್ಯವಿರಲಿ

ಹಾಸನದಲ್ಲಿ ಮುಖ್ಯ ಕಛೇರಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಶಾಖೆ ಇಲ್ಲವೆ ಗೋದಾಮು. ನಮ್ಮ ಜಿಲ್ಲೆಯ ವರ್ತಕರಿಗೆ ಈ ವ್ಯವಸ್ಥೆ ಹೊಸತಲ್ಲ. ಲೆಕ್ಕಪತ್ರದ ಪ್ರತಿ, ಸರಕಿನ ಛಾಯಾಚಿತ್ರ, ಯಂತ್ರಭಾಗಗಳ ನಕ್ಷೆ ಇವೆಲ್ಲವೂ ಇಂದು ಅಂತರಜಾಲದ ಮೂಲಕವೇ ಶಾಖೆಗಳ ನಡುವೆ ಸಂಚರಿಸುತ್ತವೆ. ಅದೇ ಸಂಪರ್ಕದಲ್ಲಿ ಇ-ವೇ ಬಿಲ್ ಕೂಡ ಸಿದ್ಧವಾಗಬೇಕು. ರಾಜ್ಯದೊಳಗಿನ ಸಾಗಣೆಗೂ ಅದನ್ನು 2018ರ ಏಪ್ರಿಲ್ 1ರಂದು ಮೊದಲು ಜಾರಿಗೊಳಿಸಿದ ರಾಜ್ಯವೇ ಕರ್ನಾಟಕ. ಸರಕು ತುಂಬಿದ ಲಾರಿ ಬಾಗಿಲಲ್ಲಿ ನಿಂತಿರುವಾಗ ಯಾವುದೋ ಕಡತ ಇಡೀ ಸಂಪರ್ಕವನ್ನು ಆಕ್ರಮಿಸಿ, ಪೋರ್ಟಲ್‌ನ ಪುಟವೇ ತೆರೆಯದಿದ್ದರೆ ಆಗುವ ನಷ್ಟವನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಇಂತಹ ಸಂದರ್ಭದಲ್ಲಿ ಸಂಪರ್ಕ ಒದಗಿಸಿದ ಸಂಸ್ಥೆಯನ್ನು ದೂರುವುದು ವಾಡಿಕೆ. ಅನೇಕ ವೇಳೆ ದೋಷವಿರುವುದು ತಂತ್ರಾಂಶದ ರಚನೆಯಲ್ಲಿ. ಆಲೂಗಡ್ಡೆಯ ಸುಗ್ಗಿಯಲ್ಲಿ ಒಬ್ಬನೇ ವರ್ತಕನ ಇಪ್ಪತ್ತು ಲಾರಿಗಳು ವೇಬ್ರಿಡ್ಜ್ ಮುಂದೆ ನಿಂತರೆ, ಎರಡೇ ಮೂಟೆ ತಂದವನೂ ಅವುಗಳ ಹಿಂದೆಯೇ ಕಾಯಬೇಕಷ್ಟೆ. ಮೋಡೆಮ್‌ನೊಳಗೂ ಇದೇ ರೀತಿ ಸಾಲು ಬೆಳೆಯುತ್ತದೆ. ಕೆಲವೇ ಕಿಲೋಬೈಟ್ ಗಾತ್ರದ ಕೋರಿಕೆ ಆ ಸಾಲಿನ ಬಾಲದಲ್ಲಿ ಸಿಲುಕುತ್ತದೆ. ಫೈಬರ್ ಬಂದ ಮೇಲೆ ಈ ತೊಡಕು ನೀಗಿತೆಂದು ಭಾವಿಸುವಂತಿಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿಯು ನಿಗದಿಪಡಿಸಿದ್ದ ಕನಿಷ್ಠ ವೇಗ ಸೆಕೆಂಡಿಗೆ 256 ಕಿಲೋಬಿಟ್. 100 ಮೆಗಾಬೈಟ್ ಕಡತಕ್ಕೆ ಆಗ ಸುಮಾರು 52 ನಿಮಿಷ ಬೇಕಾಗುತ್ತಿತ್ತು. ಇಂದು ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗವಿದ್ದರೂ 2 ಗಿಗಾಬೈಟ್ ಕಡತಕ್ಕೆ 27 ನಿಮಿಷ ಹಿಡಿಯುತ್ತದೆ. ದಾರಿ ಅಗಲವಾದಂತೆ ಹೊರೆಯೂ ಬೆಳೆದಿದೆ.

ಈ ದಟ್ಟಣೆಗೆ ಹಳೆಯ ಇತಿಹಾಸವಿದೆ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾನಿಲಯಗಳ ನಡುವಿನ ವೇಗವು ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಅವೆರಡರ ಅಂತರ ಕೇವಲ 400 ಗಜ! ಕಾರಣವನ್ನು ಶೋಧಿಸಿದ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪರಿಹಾರ ಪ್ರಕಟಿಸಿದರು: ರವಾನಿಸಿದ ಪೊಟ್ಟಣ ಕಳೆದುಹೋದರೆ ವೇಗ ತಗ್ಗಿಸಬೇಕು. ಆದರೆ ಪೊಟ್ಟಣ ಕಳೆಯುವ ವೇಳೆಗೆ ಸಾಲು ತುಂಬಿಹೋಗಿರುತ್ತದೆ. ಅಲ್ಲದೆ ಈ ನಿಯಮದಲ್ಲಿ ಪಾಲು ಸಿಗುವುದು ಸಂಪರ್ಕಕ್ಕೊಂದರಂತೆ. ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್‌ನಂತಹ ತಂತ್ರಾಂಶ ಏಕಕಾಲದಲ್ಲಿ ಹತ್ತಾರು ಸಂಪರ್ಕಗಳನ್ನು ತೆರೆದು, ಹತ್ತಾರು ಪಾಲನ್ನೂ ಪಡೆಯುತ್ತಿತ್ತು.

ದಾರಿ ತೋರಿದವರೂ ಅದೇ ಬಿಟ್‌ಟೊರೆಂಟ್ ಸಂಸ್ಥೆಯವರೆಂಬುದು ಗಮನಾರ್ಹ. ಅವರ ವಿಧಾನದಿಂದ ಬೆಳೆದ ಲೆಡ್‌ಬ್ಯಾಟ್ ಎಂಬ ಕ್ರಮವು 2012ರ ಡಿಸೆಂಬರ್‌ನಲ್ಲಿ ಆರ್.ಎಫ್.ಸಿ. 6817 ಎಂಬ ಪ್ರಾಯೋಗಿಕ ದಾಖಲೆಯಾಗಿ ಪ್ರಕಟವಾಯಿತು. ಇದರ ತತ್ತ್ವ ಸರಳ. ಪ್ರತಿ ಪೊಟ್ಟಣವೂ ಹೊರಟ ಸಮಯವನ್ನು ಹೊತ್ತು ಸಾಗುತ್ತದೆ. ಈವರೆಗೆ ಕಂಡ ಅತಿ ಕಡಿಮೆ ಪ್ರಯಾಣಕಾಲವನ್ನು ತಂತ್ರಾಂಶ ಖಾಲಿ ದಾರಿಯ ಅಳತೆಯೆಂದು ಇಟ್ಟುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದ ವಿಳಂಬವೆಲ್ಲ ಸಾಲಿನದು. ಆ ವಿಳಂಬ ನಿಗದಿತ ಗುರಿಯನ್ನು ಮೀರಿದೊಡನೆ, ಪೊಟ್ಟಣ ಕಳೆಯುವುದಕ್ಕೂ ಮೊದಲೇ, ಅದು ತಾನಾಗಿ ಹಿಂದೆ ಸರಿಯುತ್ತದೆ. ಗುರಿಯು 100 ಮಿಲಿಸೆಕೆಂಡನ್ನು ಮೀರಕೂಡದು. ಇತರರ ಕೆಲಸ ಮುಗಿದರೆ ಮತ್ತೆ ಪೂರ್ಣ ವೇಗ. ಹೀಗಾಗಿ ಸಂಪರ್ಕ ವ್ಯರ್ಥವೂ ಆಗದು. ಕೈಯಿಂದ ವೇಗಮಿತಿ ಹೇರುವುದಕ್ಕಿಂತ ಇದು ಮೇಲೆಂದು ನಮ್ಮ ಅಭಿಪ್ರಾಯ. ಹೇರಿದ ಮಿತಿ ನಡುರಾತ್ರಿಯಲ್ಲಿಯೂ ಸಡಿಲವಾಗುವುದಿಲ್ಲ.

ಇನ್ನೊಂದು ಮಾರ್ಗ ಹೊರೆಯನ್ನೇ ಇಳಿಸುವುದು. 1996ರಲ್ಲಿ ಆ್ಯಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಹೊರತಂದ ಆರ್‌ಸಿಂಕ್ ಕಡತದ ಬದಲಾದ ಭಾಗವನ್ನು ಮಾತ್ರ ಕಳುಹಿಸುತ್ತದೆ. ದಿನಕ್ಕೆ ನಲವತ್ತು ನಮೂದು ಸೇರುವ ಲೆಕ್ಕದ ಕಡತವನ್ನು ನಿತ್ಯವೂ ಪೂರ್ತಿಯಾಗಿ ಅರಕಲಗೂಡಿನಿಂದ ಹಾಸನಕ್ಕೆ ಸಾಗಿಸುವುದು ದಂಡವೇ ಸರಿ. ಸಂಪರ್ಕ ಕಡಿದರೆ ನಿಂತಲ್ಲಿಂದಲೇ ಮುಂದುವರಿಯುವ ಗುಣವೂ ಇರಬೇಕು. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿದ ಶಾಖೆಯಲ್ಲಿ, ದಿನದ ಡೇಟಾ ಮಿತಿಯನ್ನು ಬೆಳಗಿನಲ್ಲೇ ಮುಗಿಸದ ಎಚ್ಚರವೂ ಬೇಕು.

ತಂತ್ರಾಂಶ ಮಾರಲು ಬಂದವರು ವೇಗವನ್ನಷ್ಟೇ ಬಣ್ಣಿಸುತ್ತಾರೆ. ವರ್ತಕ ಬಾಂಧವರು ಒಂದು ಪರೀಕ್ಷೆ ಬೇಡಬಹುದು. ದೊಡ್ಡ ಕಡತವೊಂದನ್ನು ರವಾನೆಗೆ ಬಿಟ್ಟು, ಅದು ಸಾಗುತ್ತಿರುವಾಗಲೇ ಪಕ್ಕದ ಗಣಕದಲ್ಲಿ ಇ-ವೇ ಬಿಲ್ ಪುಟವನ್ನು ತೆರೆಯುವುದು. ಇದನ್ನು ಮಾರಾಟಗಾರರ ಕಛೇರಿಯಲ್ಲಲ್ಲ, ತಮ್ಮ ಅತ್ಯಂತ ನಿಧಾನದ ಶಾಖೆಯಲ್ಲಿ, ವ್ಯಾಪಾರದ ಹೊತ್ತಿನಲ್ಲಿಯೇ ಮಾಡಿಸುವುದು ಒಳಿತು.