ಮೆಳ್ಳೆಗಣ್ಣೆಲ್ಲ ಅದೃಷ್ಟವಲ್ಲ!

ಮೆಳ್ಳೆಗಣ್ಣಿದ್ದರೆ ಅದೃಷ್ಟ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಕೆಲವು ವರ್ಷಗಳ ಹಿಂದೆ ರಿಫಾದಲ್ಲಿ ನನ್ನ ಬಳಿ ಬಂದ ನಮ್ಮೂರ ಕಡೆಯ ತರುಣನಿಗೆ ಮಾತ್ರ ಅದು ಅದೃಷ್ಟವಾಗಿರಲಿಲ್ಲ. ಎಡಗಣ್ಣು ಓರೆಯಾಗಿ, ಒಂದು ದೀಪ ಎರಡಾಗಿ ಕಾಣುತ್ತಿತ್ತು. ವೃತ್ತಿಯಲ್ಲಿ ಚಾಲಕ. "ಡಾಕ್ಟ್ರೇ, ಕೆಲಸ ಹೋದರೆ ಮನೆ ನಡೆಯುವುದು ಹೇಗೆ?" ಎಂದ.

ಪ್ರತಿಯೊಂದು ಕಣ್ಣನ್ನೂ ಹೊರಳಿಸಲು 6 ಸ್ನಾಯುಗಳಿವೆ. ಎರಡೂ ಕಣ್ಣುಗಳು ಜೋಡೆತ್ತುಗಳಂತೆ ಒಟ್ಟಿಗೇ ಸಾಗಬೇಕು. ಕಣ್ಣಿನ ಗೂಡಿನಲ್ಲಿ ನೀರುಗುಳ್ಳೆ, ಅಂದರೆ ಸಿಸ್ಟ್, ಬೆಳೆದು ಸ್ನಾಯುವನ್ನು ಒತ್ತಿದರೆ ಅಥವಾ ಅದರೊಳಗೇ ಕುಳಿತರೆ ಕಣ್ಣು ದಾರಿ ತಪ್ಪುತ್ತದೆ. ಇದು ಅಪರೂಪದ ಕಾರಣ, ಆದರೆ ಮರೆಯಬಾರದ ಕಾರಣ.

ಗುಳ್ಳೆಗಳಲ್ಲಿ ಹಲವು ಬಗೆ. ಡರ್ಮಾಯ್ಡ್ ಹುಟ್ಟಿನಿಂದ ಬರುವಂಥದ್ದು. ಹೈಡಾಟಿಡ್ ನಾಯಿ ಮತ್ತು ಕುರಿಗಳ ನಡುವೆ ಸುತ್ತುವ ಹುಳುವಿನಿಂದ ಬರುತ್ತದೆ. ಇವೆರಡಕ್ಕೂ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಭಾರತದಲ್ಲಿ ಕಣ್ಣಿನ ಸ್ನಾಯುವಿನಲ್ಲಿ ಕಂಡುಬರುವ ಇನ್ನೊಂದು ಸಿಸ್ಟಿಸರ್ಕೋಸಿಸ್. ಇದು ಹಂದಿಯ ಲಾಡಿಹುಳುವಿನ ಮರಿ. ನಮ್ಮ ತರುಣನಿಗಿದ್ದದ್ದು ಇದೇ. ಸ್ಕ್ಯಾನ್‌ನಲ್ಲಿ ಗುಳ್ಳೆಯೂ ಅದರೊಳಗೆ ಚುಕ್ಕೆಯಂತೆ ಹುಳುವಿನ ತಲೆಯೂ ಕಂಡವು.

"ನಾನು ಶುದ್ಧ ಸಸ್ಯಾಹಾರಿ!" ಎಂದು ಆತ ಬೆಚ್ಚಿದ. ಸಸ್ಯಾಹಾರಿಗಳಿಗೂ ಇದು ಬರುತ್ತದೆ! ಅರೆಬೆಂದ ಹಂದಿಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರ ಮಲದಲ್ಲಿ ಹೊರಬೀಳುವ ಮೊಟ್ಟೆಗಳು ನೀರು, ಹಸಿ ತರಕಾರಿ, ತೊಳೆಯದ ಕೈಗಳ ಮೂಲಕ ಯಾರ ಹೊಟ್ಟೆಯನ್ನಾದರೂ ಸೇರಬಹುದು. ಅಲ್ಲಿಂದ ಮರಿಗಳು ರಕ್ತದಲ್ಲಿ ಹರಿದು ಸ್ನಾಯು, ಮಿದುಳು, ಕಣ್ಣುಗಳಲ್ಲಿ ನೆಲೆಸುತ್ತವೆ. ರೋಗ ತೋರಲು ತಿಂಗಳು, ವರ್ಷಗಳೇ ಬೇಕಾಗಬಹುದು.

ಸಂತೋಷದ ಸಂಗತಿಯೆಂದರೆ, ಸ್ನಾಯುವಿನ ಗುಳ್ಳೆ ಬಹುಮಟ್ಟಿಗೆ ಔಷಧಿಯಿಂದಲೇ ಕರಗುತ್ತದೆ. ಆಲ್ಬೆಂಡಜೋಲ್ ಜೊತೆಗೆ ಸ್ಟೀರಾಯ್ಡ್ ಮಾತ್ರೆಯನ್ನು ಕೆಲವು ವಾರ ಕೊಡುತ್ತೇವೆ. ಆದರೆ ಜಂತುಹುಳುವಿನ ಮಾತ್ರೆ ತಾನೇ ಎಂದು ಸ್ವತಃ ನುಂಗಬೇಡಿ. ಹುಳು ಸಾಯುವಾಗ ಊತ ಬರುತ್ತದೆ. ಮಿದುಳಿನಲ್ಲೋ ಕಣ್ಣುಗುಡ್ಡೆಯೊಳಗೋ ಗುಳ್ಳೆಯಿದ್ದರೆ ಅಪಾಯ. ಆದ್ದರಿಂದ ಮೊದಲು ತಪಾಸಣೆ, ಆಮೇಲೆ ಔಷಧಿ. ನೇತ್ರತಜ್ಞರ ಚಿಕಿತ್ಸೆಯಿಂದ ಆ ತರುಣನ ಕಣ್ಣು ನೇರವಾಯಿತು, ಕೆಲಸವೂ ಉಳಿಯಿತು.

ಪ್ರಿಯ ಓದುಗರೇ, ಹೊಸದಾಗಿ ಕಣ್ಣು ಓರೆಯಾದರೆ, ಒಂದು ಎರಡಾಗಿ ಕಂಡರೆ, ರೆಪ್ಪೆ ಊದಿದರೆ, ಊರಿಗೆ ಹೋದಾಗ ತೋರಿಸೋಣ ಎಂದು ಕಾಯಬೇಡಿ. ಮಕ್ಕಳಿಗಂತೂ ತಡಮಾಡಿದರೆ ಓರೆಗಣ್ಣಿನ ದೃಷ್ಟಿಯೇ ಮಂದವಾಗಿ ಉಳಿಯಬಹುದು. ಹಬ್ಬದ ಕೋಸಂಬರಿಗೆ ತರಕಾರಿ ಹೆಚ್ಚುವ ಮುನ್ನ ಚೆನ್ನಾಗಿ ತೊಳೆಯಿರಿ, ಕೈಯನ್ನೂ ಕೂಡ. ಎಲ್ಲರಿಗೂ ಹಬ್ಬದ ಶುಭಾಶಯಗಳು!